ಪಟ್ಟಿಯಲ್ಲಿಲ್ಲದ ತಾಳಿ

ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಹಂಪಮ್ಮ ತಂಗಿಯ ಕಡೆ ನೋಡಿದಳು. ಕಾವೇರಿ ಗೋಣಿತಾಟಿನ ಮೇಲೆ ಬಗ್ಗಿದಾಗಲೆಲ್ಲ ಕೊರಳಿನ ದಾರ ರವಿಕೆಯಿಂದ ಹೊರಗೆ ಜಾರುತ್ತಿತ್ತು. ಅದರ ತುದಿಗೆ ಕಟ್ಟಿದ ಅರಿಶಿಣದ ಕೊಂಬನ್ನು, ಖಾರದ ಬೆರಳು ತಾಗದಂತೆ, ಅವಳು ಮುಂಗೈಯಿಂದ ಒಳಗೆ ತಳ್ಳಿಕೊಳ್ಳುತ್ತಿದ್ದಳು.

"ಹೊರಗ ಇರಲಿ ಬಿಡು. ಇಲ್ಲಿ ನೋಡಾಕ ಯಾರದಾರ?"

"ನೀ ಅದಿಯಲ್ಲಕ್ಕ."

"ನಾ ಕಟ್ಟಿದ್ದನ್ನ ನಾ ನೋಡಬಾರದೇನಲೇ?"

ಕಾವೇರಿ ನಕ್ಕಳು. ನಕ್ಕರೂ ಕೊಂಬು ಮಾತ್ರ ಒಳಗೇ ಹೋಯಿತು.

ಅವಳು ಕುರುಗೋಡಿನ ಈ ತವರುಮನೆಗೆ ಬಂದು ಒಂದು ಸುಗ್ಗಿ ಕಳೆದಿತ್ತು. ಸಿರುಗುಪ್ಪದಲ್ಲಿ ಅವಳ ಗಂಡ ಮಾರೇಶ ಭತ್ತದ ಮಿಲ್ಲುಗಳಿಗೆ ಗಾಡಿ ಹೊಡೆಯುತ್ತಿದ್ದ. ಚೀಲಗಳ ಅಡಿಯಲ್ಲಿ ಗಾಂಜಾ ಸಾಗಿಸಲು ಎಂದು ಶುರು ಮಾಡಿದನೋ ಕಾವೇರಿಗೆ ತಿಳಿಯದು. ಮನೆಗೆ ಫ್ರಿಜ್ಜು ಬಂದಾಗ ಅವಳು ಕೇಳಲಿಲ್ಲ, ಬಂಗಾರದ ಸರ ಬಂದಾಗಲೂ ಕೇಳಲಿಲ್ಲ. ಪೊಲೀಸರು ಬಂದರು, ಮಾರೇಶನನ್ನು ಜೀಪಿಗೆ ಹತ್ತಿಸಿದರು, ಗಾಡಿ, ಫ್ರಿಜ್ಜು, ಸರ ಎಲ್ಲ ಜಪ್ತಿಯಾಗಿ ಮನೆಗೆ ಬೀಗಮುದ್ರೆ ಬಿತ್ತು. ಅದಕ್ಕಾಗಿ ಹಂಪಮ್ಮ ಯಾರನ್ನೂ ಬಯ್ಯಲಿಲ್ಲ. ಊರ ಹುಡುಗರ ಬಾಳು ಕೆಡಿಸುವ ಸೊಪ್ಪಿನಿಂದ ಬಂದದ್ದು ಹೋದರೆ ಹೋಗಲಿ ಎಂದೇ ಅವಳ ಅಭಿಪ್ರಾಯ. ಆದರೆ ಇನ್‌ಸ್ಪೆಕ್ಟರ್ ಕೊನೆಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಕೊರಳಾಗಿಂದೂ ತೆಗಿ" ಅಂದಿದ್ದ.

ಆ ತಾಳಿಗೆ ಎರಡು ಬೊಟ್ಟು. ಒಂದು ಗಂಡನ ಮನೆಯದು, ಇನ್ನೊಂದು ತವರಿನದು. ತವರಿನ ಬೊಟ್ಟನ್ನು ಹಂಪಮ್ಮನೇ ಅವ್ವನ ಬೆಂಡೋಲೆ ಕರಗಿಸಿ ಮಾಡಿಸಿದ್ದಳು. ಅವ್ವನದೆಂದು ಅಕ್ಕತಂಗಿಯರಿಗೆ ಉಳಿದಿದ್ದ ವಸ್ತು ಅದೊಂದೇ.

ಕೋರ್ಟಿನಲ್ಲಿ ಜಪ್ತಿಯ ಪಟ್ಟಿಯನ್ನು ಓದಿದಾಗ ಅದರಲ್ಲಿ ಎಲ್ಲವೂ ಇತ್ತು, ತಾಳಿ ಇರಲಿಲ್ಲ. "ಮೈಮೇಲಿಂದ ಏನಾದರೂ ತಗೊಂಡರೇನಮ್ಮ?" ಎಂದು ನ್ಯಾಯಾಧೀಶರು ಕೇಳಿದರು. ಗಂಡ ಬದುಕಿರುವಾಗ ತಾಳಿ ತೆಗೆದರೆಂಬ ಮಾತನ್ನು ಹೆಣ್ಣು ಬಾಯಿಂದ ಆಡಬಾರದು, ಆಡಿದರೆ ಗಂಡನ ಆಯುಸ್ಸಿಗೆ ಕುತ್ತು ಎಂದು ಕೇಳುತ್ತಲೇ ಬೆಳೆದವರು ಅಕ್ಕತಂಗಿಯರು. ಹಂಪಮ್ಮ ಸೆರಗಿನ ಮರೆಯಲ್ಲಿ ತಂಗಿಯ ಕೈ ಒತ್ತಿದಳು. ಕಾವೇರಿ, "ಇಲ್ಲರಿ" ಅಂದುಬಿಟ್ಟಳು.

ಆಮೇಲೆ ಹೀಗೇ ಜಪ್ತಿಯಾಗಿದ್ದ ಇನ್ನೆರಡು ಮನೆಯವರು ಬಾಯಿಬಿಟ್ಟರು. ಜಪ್ತಿಯ ಬಂಗಾರ ಇನ್‌ಸ್ಪೆಕ್ಟರನ ಸ್ವಂತ ಬೀರು ಸೇರುತ್ತಿತ್ತಂತೆ. ಅವನು ಅಮಾನತಾದ, ಬಳ್ಳಾರಿಯಲ್ಲಿ ವಿಚಾರಣೆ ಶುರುವಾಯಿತು. ಅಲ್ಲಿನ ಗಾಂಧಿನಗರದ ವಕೀಲೆ ನಂದಿನಿ ಅಕ್ಕತಂಗಿಯರನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು: "ಗಾಂಜಾದ ದುಡ್ಡಿನದು ಸರ್ಕಾರಕ್ಕೆ ಹೋಗುತ್ತೆ. ತವರಿನ ಬೊಟ್ಟು ನಿಮ್ಮದೇ. ಆದರೆ ತಗೊಂಡರು ಅಂತ ನೀವೇ ಬರೆದು ಕೊಡದೆ ಅದನ್ನ ಯಾರೂ ಹುಡುಕೋದಿಲ್ಲ, ಕಾವೇರಮ್ಮ."

ಕಾವೇರಿ ಬರೆದಳು. ಹೆಸರು, ಊರು, ಪೊಲೀಸರು ಬಂದದ್ದು, ಅಡಿಗೆಮನೆಯ ಬಾಗಿಲು, ಎಲ್ಲ ಬರೆದು ಆ ಒಂದು ಮಾತಿಗೆ ಬಂದು ನಿಂತಳು. ಕಾಗದ ಜೋಳದ ಡಬ್ಬಿಯ ಹಿಂದೆ ಹೋಗಿ ಕೂತಿತು. ಹಂಪಮ್ಮ ಒತ್ತಾಯ ಮಾಡಲಿಲ್ಲ. ಬೇಡವೆಂದು ಕೈ ಒತ್ತಿದವಳು ತಾನೇ, ಈಗ ಬರೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಈ ವಾರ ಕಳೆದರೆ ವಿಚಾರಣೆಯವರು ಹೊಸ ದೂರು ತೆಗೆದುಕೊಳ್ಳುವುದಿಲ್ಲ ಎಂದು ನಂದಿನಿ ನಿನ್ನೆ ಫೋನ್ ಮಾಡಿದ್ದಳು.

"ನಾಳೆ ಮಾರೇಶನ್ನ ನೋಡಾಕ ಹೋಗೋದೈತಲ್ಲ, ಕಾಗದ ಸಂಗಾಟ ಇರಲಿ," ಎಂದಷ್ಟೇ ಹಂಪಮ್ಮ ಅಂದಳು.

ಮರುದಿನ ಬಳ್ಳಾರಿ ಜೈಲಿನ ಜಾಲರಿಯ ಆಚೆ ಮಾರೇಶ ಬಂದು ಕೂತ. ಕೆನ್ನೆಗಳು ತುಂಬಿಕೊಂಡಿದ್ದವು.

"ಮೈ ಬಂದೈತಲ್ಲ," ಅಂದಳು ಕಾವೇರಿ.

"ಇಲ್ಲಿ ಮುದ್ದಿ ಚಲೋ ಇರತೈತಿ. ನಿನ್ನ ಕೈದಕ್ಕಿಂತ."

"ಹಂಗಾರ ಇಲ್ಲೇ ಇರು."

ಅವನು ನಕ್ಕು, ಹೆಂಡತಿಯ ಕೊರಳ ಕಡೆ ನೋಡಿ, ಬೇಗನೆ ಹಂಪಮ್ಮನ ಕಡೆ ತಿರುಗಿದ. "ಅಕ್ಕಾ, ಇಕಿಗೆ ಬ್ಯಾರೆ ಗಂಡು ನೋಡಾಕತ್ತೀರೇನು?"

"ನೋಡೀನಪ್ಪ. ನಿನ್ನಂಥ ಇನ್ನೊಬ್ಬ ಕಳ್ಳ ಸಿಗವಲ್ಲ."

ತಮಾಷೆಯೇ ಆಗಿತ್ತು. ಆದರೆ ಅವನ ನಗೆ ಅರ್ಧಕ್ಕೇ ನಿಂತದ್ದನ್ನು ಹಂಪಮ್ಮ ಕಂಡಳು. ಪ್ರತಿಸಲವೂ ಅವನು ಹೀಗೆ ಕೊರಳು ನೋಡಿ ಕಣ್ಣು ತಪ್ಪಿಸಿದ್ದು ನೆನಪಾಯಿತು. ಇವನಿಗೆ ಗೊತ್ತೇ ಇಲ್ಲ. ತಾಳಿ ಕಿತ್ತುಕೊಂಡಾಗ ಇವನು ಆಗಲೇ ಜೀಪಿನಲ್ಲಿದ್ದ. ಕಾವೇರಿಯೇ ತೆಗೆದಿಟ್ಟಳು ಅಂದುಕೊಂಡು ಇಷ್ಟು ದಿನ ಒಬ್ಬನೇ ಬೆಂದಿದ್ದಾನೆ.

ಕಾವೇರಿ ಅಭ್ಯಾಸಬಲದಿಂದ ಅಕ್ಕನ ಕೈ ಹುಡುಕಿದಳು. ಹಂಪಮ್ಮ ಈ ಸಲ ಒತ್ತಲಿಲ್ಲ. ತಂಗಿಯ ಬೆನ್ನ ಮೇಲೆ ಅಂಗೈ ಇಟ್ಟು, "ಹೇಳವ್ವ," ಅಂದಳು. "ಆಗ ತಡದಾಕಿ ನಾನು. ಹೇಳು."

ಕಾವೇರಿ ಜಾಲರಿಯ ಹತ್ತಿರಕ್ಕೆ ಬಗ್ಗಿದಳು. ಅವನೊಬ್ಬನಿಗೇ ಕೇಳುವಂತೆ, "ತಾಳಿ ಅವರು ಬಿಚ್ಚಿಸಿಕೊಂಡ್ರು. ನಾ ತೆಗಿಲಿಲ್ಲ," ಅಂದಳು. ಸೆರಗು ಸರಿಸಿ ಕೊಂಬು ತೋರಿಸಿದಳು.

ಮಾರೇಶ ಜಾಲರಿಯನ್ನು ಹಿಡಿದುಕೊಂಡ. "ನೀ ನನ್ನ ಬಿಟ್ಟಿ ಅಂತ ತಿಳಕೊಂಡಿದ್ದೆ. ಬಿಡೋದ್ರಾಗೂ ತಪ್ಪಿಲ್ಲ ಅಂತ ಸುಮ್ಮನಿದ್ದೆ."

"ಬಿಡೋದಾಗಿದ್ರ ಬಸ್ಸಿಗೆ ನಿಂತು ನಿಂತು ಬರತಿದ್ನೇನು?"

ಹಂಪಮ್ಮ ಕಾಗದದ ಸಂಗತಿಯನ್ನೂ, ಅದು ಯಾಕೆ ನಿಂತಿದೆ ಎಂಬುದನ್ನೂ ಹೇಳಿದಳು. ಮಾರೇಶ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ನಾ ಮಾಡಿದ್ದಕ್ಕ ನಾ ಇಲ್ಲಿ ಕುಂತೀನಿ. ನಿಮ್ಮವ್ವನ ಬಂಗಾರ ಏನು ಮಾಡಿತ್ತು? ಬರಿ, ಕಾವೇರಿ. ಈಗ ಬಾಯಿಲೆ ಅಂದಿ, ನನಗೇನಾತು? ಕಲ್ಲುಗುಂಡಿನಂಗ ಅದೀನಿ."

ಜೈಲಿನಿಂದ ಅವರು ನೇರ ಅಂಚೆ ಕಚೇರಿಗೆ ಹೋದರು. ಗೋಡೆಗೆ ಬಡಿದ ಮೇಜಿನ ಮೇಲೆ ಕಾಗದ ಹರಡಿ, ಕಾವೇರಿ ಪೆನ್ನು ಹಿಡಿದು ನಿಂತಳು. ಮೊದಲು, "ನನ್ನ ಗಂಡ ಮಾರೇಶ ಆರೋಗ್ಯವಾಗಿದ್ದಾರೆ" ಎಂದು ಬರೆದಳು. ವಿಚಾರಣೆಯ ಅಧಿಕಾರಿಗೆ ಅದನ್ನು ಯಾಕೆ ಬರೆಯಬೇಕೆಂದು ಹಂಪಮ್ಮ ಕೇಳಲಿಲ್ಲ. ಅದರ ಕೆಳಗೆ ಒಂದೇ ಉಸಿರಿಗೆ, "ನನ್ನ ಕೊರಳಿನ ತಾಳಿಯನ್ನು ಇನ್‌ಸ್ಪೆಕ್ಟರ್ ಸಾಹೇಬರು ಬಿಚ್ಚಿಸಿಕೊಂಡರು, ಪಟ್ಟಿಗೆ ಸೇರಿಸಲಿಲ್ಲ. ಅದರಲ್ಲಿ ನನ್ನ ಅವ್ವನ ಬಂಗಾರವಿದೆ" ಎಂದು ಬರೆದು ಸಹಿ ಹಾಕಿದಳು.

ರಿಜಿಸ್ಟರ್ ಅಂಚೆಯ ಗುಮಾಸ್ತ ಲಕೋಟೆಯನ್ನು ಹಿಂದುಮುಂದು ತಿರುಗಿಸಿ ನೋಡಿದ. "ಕಳಿಸಿದೋರ ವಿಳಾಸ ಎಲ್ಲೈತಮ್ಮ?"

ಸಿರುಗುಪ್ಪದ ಮನೆಗೆ ಇನ್ನೂ ಬೀಗಮುದ್ರೆಯಿತ್ತು. ಕಾವೇರಿ ಅಕ್ಕನ ಮುಖ ನೋಡಿದಳು.

"ನಮ್ಮನಿದು ಬರಿಯಲೇ," ಅಂದಳು ಹಂಪಮ್ಮ. "ಉತ್ತರ ಅಲ್ಲಿಗೇ ಬರಲಿ."

ಕಾವೇರಿ ಬರೆದು ಲಕೋಟೆಯನ್ನು ಕಿಟಕಿಯೊಳಗೆ ತಳ್ಳಿದಳು. ಗುಮಾಸ್ತ ಅದನ್ನು ತೂಗಿ, ಚೀಟಿ ಅಂಟಿಸಿ, ಹಿಂದಿನ ಚೀಲಕ್ಕೆ ಹಾಕಿದ.