ಚಹಾ ಬಣ್ಣದ ನೆತ್ತಿ

"ಅಲುಗಬೇಡೀಂದ್ರೆ! ಕಿವಿ ಹೋದೀತು," ಎಂದಳು ಹೈತಾಂಗ್. ಗಂಡ ಫುಗೆನ್‌ನ ಮುಂದಲೆಯ ಮೇಲೆ ಅವಳು ಆಡಿಸುತ್ತಿದ್ದುದು ಮೀನು ಸೀಳುವ ಕತ್ತಿ. ಬೀದಿಯ ಕ್ಷೌರಿಕ ಓಡಿಹೋಗಿ ಎರಡು ದಿನವಾಗಿತ್ತು.

ನದಿಯ ಕಡೆಯ ಫಿರಂಗಿಗಳು ಬಾಯಿ ಮುಚ್ಚಿದ್ದವು. ನಿಂಗ್ಬೋ ಪಟ್ಟಣ ಮತ್ತೆ ಚಕ್ರವರ್ತಿಯ ಕೈಗೆ ಬಂದಿತ್ತು. ಸೈನಿಕರು ಮನೆಮನೆ ಹೊಕ್ಕು ಗಂಡಸರ ತಲೆ ನೋಡುತ್ತಿದ್ದರು. ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡುವುದು ಚಕ್ರವರ್ತಿಯ ಕಟ್ಟಳೆ. ಐದು ತಿಂಗಳ ಹಿಂದೆ ಊರು ಹಿಡಿದ ದಂಗೆಕೋರರು, ಮುಂದಲೆ ಬೋಳಿಸಿದವರ ತಲೆ ತೆಗೆಯುತ್ತೇವೆ ಎಂದಿದ್ದರು. ಈಗ ಬೋಳಿಸದವನೇ ದಂಗೆಕೋರ.

ಫುಗೆನ್‌ನ ಹಿಂದಿನ ಜಡೆ ಹಾಗೇ ಇತ್ತು. ಮುಂದೆ ಮಾತ್ರ ಬೆರಳುದ್ದ ಕೂದಲು. ಮದುವೆಯಾಗಿ ಒಂಬತ್ತು ವರ್ಷವಾದರೂ ಗಂಡನ ಹಣೆಯ ಮೇಲೆ ಕೂದಲು ಬೀಳುವುದನ್ನು ಹೈತಾಂಗ್ ಕಂಡದ್ದು ಈ ಚಳಿಗಾಲದಲ್ಲೇ. ಅವನು ನಿದ್ದೆಹೋದಾಗ ಮೆಲ್ಲಗೆ ಸರಿಸುತ್ತಿದ್ದಳು. ಊರೆಲ್ಲ ಹೆದರಿ ಕೂತಿದ್ದ ದಿನಗಳಲ್ಲಿ ತನಗೆ ಇಂಥದೊಂದು ಸುಖವಿತ್ತೆಂದು ಯಾರ ಹತ್ತಿರ ಹೇಳುವುದು?

ಕೊನೆಯ ಎಳೆ ಬಿತ್ತು. ನೋಡಿದರೆ, ಮುಖ ಸುಟ್ಟ ಇಟ್ಟಿಗೆಯ ಬಣ್ಣ. ಬಿಸಿಲು ಕಾಣದ ನೆತ್ತಿ ಹಬೆಯಲ್ಲಿ ಬೆಂದ ಬಿಳಿ ಹಿಟ್ಟಿನುಂಡೆ.

"ಅಯ್ಯಯ್ಯೋ, ಇವತ್ತೇ ಬೋಳಿಸಿದ್ದು ಅಂತ ಡಂಗುರ ಹೊಡೆದ ಹಾಗಿದೆಯಲ್ಲೇ!" ಎಂದ ಅತ್ತೆ ಒಲೆಯ ಪಕ್ಕದ ಮಡಕೆ ತಂದರು. ನಾಲ್ಕು ದಿನದ ಕೆಳಗೆ, ಬೇಸಿಗೆ ಕಾಲಿಡುವ ದಿನ, ಎಲ್ಲರ ಮನೆಯಂತೆ ಅವರೂ ಚಹಾಸೊಪ್ಪು, ಚಕ್ರಮೊಗ್ಗು ಹಾಕಿ ಮೊಟ್ಟೆ ಬೇಯಿಸಿದ್ದರು. ಮೊಟ್ಟೆ ಮುಗಿದರೂ ಕಪ್ಪು ರಸ ಚೆಲ್ಲಲು ಮನಸ್ಸು ಬಂದಿರಲಿಲ್ಲ.

"ಅಮ್ಮ, ನಾನೇನು ಮೊಟ್ಟೆನಾ?"

"ತೆಪ್ಪಗೆ ಕೂತ್ಕೋ. ಮೊಟ್ಟೆ ನಿನ್ನ ಹಾಗೆ ಮಾತಾಡ್ಲಿಲ್ಲ."

ಮೂರು ಸಲ ಬಳಿದು ಒರೆಸುವಷ್ಟರಲ್ಲಿ ಬಾಗಿಲು ಒದ್ದ ಸದ್ದು. ಹೈತಾಂಗ್ ನೆಲದ ಕೂದಲನ್ನು ಮಡಿಲಿಗೆ ಬಾಚಿ, ಮೇಲೊಂದು ಹರಿದ ಬಲೆ ಎಳೆದುಕೊಂಡು ಕೂತಳು.

ಒಳಬಂದ ಸೈನಿಕ ಫುಗೆನ್‌ನ ನೆತ್ತಿಗೆ ಹೆಬ್ಬೆರಳು ಒತ್ತಿ ಉಜ್ಜಿದ. ಮೂಗು ಹತ್ತಿರ ತಂದ. "ಏನೋ ಇದು, ಮೊಟ್ಟೆ ವಾಸನೆ?"

ಹೈತಾಂಗ್ ಮಡಿಲ ಮೇಲಿನ ಬಲೆಯನ್ನು ಇನ್ನಷ್ಟು ಎಳೆದುಕೊಂಡಳು.

"ಮೂಗು ಚುರುಕು ನಿಮ್ಮದು ಧಣಿ, ಕಾಲು ನಿಧಾನ," ಎಂದರು ಅತ್ತೆ. "ನಾಲ್ಕು ದಿನ ಮುಂಚೆ ಬಂದಿದ್ರೆ ಎರಡು ತಿನ್ನಬಹುದಿತ್ತು."

ಸೈನಿಕ ಕಂದು ಬಣ್ಣ ಹತ್ತಿದ್ದ ತನ್ನ ಹೆಬ್ಬೆರಳನ್ನೇ ನೋಡಿದ. ಮತ್ತೆ ಮುದುಕಿಯನ್ನು ನೋಡಿದ. "ನಮ್ಮಮ್ಮ ಚಕ್ರಮೊಗ್ಗು ಇನ್ನೂ ಜಾಸ್ತಿ ಹಾಕ್ತಾಳೆ," ಎಂದು ಬೆರಳನ್ನು ಷರಾಯಿಗೆ ಒರೆಸಿಕೊಂಡು ಹೊರಗೆ ಕೂಗಿದ: "ಇಲ್ಲಿರೋದು ಹಳೇ ಬೋಳು. ಮುಂದಿನ ಮನೆಗೆ ನಡೀರಿ!"

ಸೈನಿಕರ ಹೆಜ್ಜೆಯ ಸದ್ದು ಮುಂದಿನ ಮನೆಗೆ ದಾಟಿತು. ಆಮೇಲೆ ಅತ್ತೆ ಮಗನ ಬೆನ್ನಿಗೊಂದು ಗುದ್ದಿ, "ಹೋಗು, ಅಂಗಳದಲ್ಲಿ ಕೂತ್ಕೋ. ಬೆವರಿಗೆ ಈ ಬಣ್ಣ ಇಳಿಯೋದ್ರೊಳಗೆ ನಿಜವಾದ್ದು ಏರ್ಲಿ," ಎಂದರು.

ಅಂಗಳದ ಚಾಪೆಗಳ ಮೇಲೆ ಸೀಳಿದ ಬೊಂಡಾಸ ಮೀನು ಒಣಗುತ್ತಿತ್ತು. ಫುಗೆನ್ ಅದರ ನಡುವೆ ಬಿಸಿಲಿಗೆ ತಲೆಯೊಡ್ಡಿ ಕೂತು ತೂಕಡಿಸತೊಡಗಿದ. ಹೈತಾಂಗ್ ಅವನ ಪಕ್ಕ ಕೂತಳು. ಹೊತ್ತು ಇಳಿದಂತೆ ಅವಳ ನೆರಳು ಅವನ ನೆತ್ತಿಯತ್ತ ಹರಿಯಿತು. ಅವಳು ಒಂದು ಗೇಣು ಆಚೆ ಸರಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಗೇಣು.