ತೊಟ್ಟಿಲಲ್ಲಿ ಮಲಗಿದ ಫಕೀರವ್ವ

ನಾನು ಕಲಘಟಗಿಯ ತೊಟ್ಟಿಲು. ಚಿತ್ರಗಾರ ಮೌನೇಶಪ್ಪ ಸಾಗವಾನಿ ಕೆತ್ತಿ, ಮೈತುಂಬ ಅರಗಿನ ಬಣ್ಣ ಬಳಿದು, ನಾಲ್ಕು ಮೂಲೆಗೆ ನಾಲ್ಕು ಗಿಳಿ ಕೂರಿಸಿ ನನ್ನನ್ನು ಮಾಡಿದ. ಒಂದು ಗಿಳಿಗೆ ಕಣ್ಣು ಬರೆಯುವುದನ್ನೇ ಮರೆತ. ಹಾಗಾಗಿ ಹುಟ್ಟಿದಾಗಿನಿಂದ ನನ್ನ ಒಂದು ಮೂಲೆ ನಿದ್ದೆಯಲ್ಲಿದೆ.

ನವಲಗುಂದದ ಫಕೀರವ್ವ ನನ್ನನ್ನು ಚಕ್ಕಡಿಯಲ್ಲಿ ಮನೆಗೆ ತಂದಳು. ನನ್ನೊಳಗೆ ಮೊದಲು ಮಲಗಿದವಳು ಅವಳ ಹಿರಿಮಗಳು ಈರವ್ವ. ಆಮೇಲೆ ಇನ್ನೂ ನಾಲ್ಕು ಕೂಸುಗಳು. ಮಧ್ಯಾಹ್ನ ಉಂಡಾದ ಮೇಲೆ ಫಕೀರವ್ವ ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು, ಗೋಡೆಗೆ ಒರಗಿ ಜೋಗುಳ ಶುರುಮಾಡುವಳು. ಎರಡನೆಯ ನುಡಿಗೆ ಅವಳೇ ಗೊರಕೆ ಹೊಡೆಯುವಳು, ಕೂಸು ಕಣ್ಣು ಪಿಳಿಪಿಳಿ ಬಿಡುತ್ತಿರುವುದು. ಓಣಿಯಲ್ಲಿ ಡೊಳ್ಳು ಬಂದರೂ ಅವಳು ಏಳುತ್ತಿರಲಿಲ್ಲ. ಹೆಬ್ಬೆರಳು ಮಾತ್ರ ನಿದ್ದೆಯಲ್ಲೂ ಮಿಡುಕುತ್ತ ನನ್ನನ್ನು ತೂಗುತ್ತಿತ್ತು.

ಮುಂದೆ ಓಣಿಯವರೆಲ್ಲ ನನ್ನನ್ನು ಎರವಲು ಒಯ್ದರು. ಹತ್ತಾರು ಮನೆ ತಿರುಗಿದೆ, ಹಲ್ಲು ಮೂಡುವ ಕೂಸುಗಳಿಂದ ಕಚ್ಚಿಸಿಕೊಂಡೆ. ಫಕೀರವ್ವ ತೀರಿಕೊಂಡ ಮೇಲೆ ಈರವ್ವನ ಪಾಲಿಗೆ ಬಂದು, ಅಣ್ಣಿಗೇರಿಯಲ್ಲಿ ಅವಳ ಗಂಡನ ಮನೆ ಸೇರಿದೆ.

ಅಲ್ಲಿ ನನಗೆ ಗಂಟುಬಿದ್ದದ್ದು ಒಂದು ಕಂದು ಬೆಕ್ಕು. ಅದಕ್ಕೆ ಹೆಸರಿರಲಿಲ್ಲ. ಈರವ್ವ ಸಿಟ್ಟಿನಲ್ಲಿದ್ದರೆ 'ಹಾಳಾದ್ದು', ಇಲ್ಲದಿದ್ದರೆ ಬರೀ 'ಬೆಕ್ಕು'. ಬೆಳಿಗ್ಗೆ ಹಾಲು ಕುಡಿದು ಹಿತ್ತಲ ಬಿಸಿಲಿನಲ್ಲಿ ಒಂದು ನಿದ್ದೆ. ಬಿಸಿಲು ಸರಿದಂತೆ ತಾನೂ ಸರಿದು ಇನ್ನೊಂದು. ಮಧ್ಯಾಹ್ನದ ದೊಡ್ಡ ನಿದ್ದೆ ನನ್ನೊಳಗೆ. ಹಾಸಿದ ಕೌದಿಯನ್ನು ಮುಂಗಾಲಿನಿಂದ ರೊಟ್ಟಿ ಹಿಟ್ಟಿನಂತೆ ನಾದಿ, ಮೂರು ಸುತ್ತು ತಿರುಗಿ, ಬಾಲವನ್ನು ಮೂಗಿನ ಮೇಲೆ ಎಳೆದುಕೊಂಡರೆ ಮುಗಿಯಿತು. ಎಷ್ಟೋ ಕೂಸುಗಳನ್ನು ಮಲಗಿಸಲು ಹೆಣಗಿದ ನನಗೆ ಈ ಪ್ರಾಣಿಯ ಮೇಲೆ ಬಹಳ ಪ್ರೀತಿ ಹುಟ್ಟಿತು.

ಈರವ್ವನ ಮಗಳು ಮಧುರಾ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಅದಕ್ಕೆ ಫಕೀರವ್ವ ಎಂದೇ ಹೆಸರಿಡಬೇಕೆಂಬುದು ಈರವ್ವನ ಆಸೆ.

"ನಮ್ಮವ್ವ ಹೋದಾಗಿಂದ ಮನಿಯಾಗ ಆ ಹೆಸರು ಕೂಗೋರ ಇಲ್ಲದಂಗ ಆತು," ಎಂದು ಅವಳು ಕಣ್ಣೊರೆಸಿಕೊಂಡಳು.

"ಯವ್ವಾ, ಸಾಲ್ಯಾಗ ಹುಡುಗ್ರು ನಗತಾರ. ಇಂಚರಾ ಅಂತ ಇಡೂಣು," ಎಂದು ಮಧುರಾ ಪಟ್ಟುಹಿಡಿದಳು.

ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರುವವಳು ಸೋದರತ್ತೆ, ಅಂದರೆ ಮಧುರಾಳ ನಾದಿನಿ ಕಸ್ತೂರಿ. ತೊಟ್ಟಿಲಲ್ಲಿ ಅವಳ ಬಾಯಿಂದ ಬಂದ ಹೆಸರೇ ಖಾಯಂ. ನಾಮಕರಣಕ್ಕೆ ಎರಡು ದಿನ ಮೊದಲೇ ಬಂದಿದ್ದ ಕಸ್ತೂರಿಗೆ ಈರವ್ವ ಹೋಳಿಗೆ, ತುಪ್ಪ ಬಡಿಸಿ ಬಡಿಸಿ ಅವಳನ್ನು ಗುಟ್ಟಾಗಿ ತನ್ನ ಕಡೆ ಮಾಡಿಕೊಂಡಳು.

ನಾಮಕರಣದ ದಿನ ನನ್ನನ್ನು ಪಡಸಾಲೆಯ ತೊಲೆಗೆ ತೂಗುಹಾಕಿ ಹೊಸ ಕೌದಿ ಹಾಸಿದರು. ಹೆಂಗಸರು ಅರಿಸಿನ ಕುಂಕುಮದ ಗದ್ದಲದಲ್ಲಿದ್ದಾಗ ಬೆಕ್ಕು ತನ್ನ ಹೊತ್ತಿಗೆ ಸರಿಯಾಗಿ ಬಂದು ಕೌದಿಯ ಅಡಿ ಹೊಕ್ಕು ಮಲಗಿತು. ನಾನು ಕಿರ್ರೆಂದೆ. ಯಾರು ಕೇಳಬೇಕು!

ಹೆಸರಿಟ್ಟ ಕೂಡಲೇ ಎಲ್ಲರೂ ಸೋದರತ್ತೆಯ ಬೆನ್ನಿಗೆ ಗುದ್ದುವುದು ನಮ್ಮ ಕಡೆಯ ಪದ್ಧತಿ. ಗುದ್ದಿಗೆ ಚಷ್ಮಾ ಬಿದ್ದು ಒಡೆದೀತೆಂದು ಕಸ್ತೂರಿ ಮೊದಲೇ ಅದನ್ನು ತೆಗೆದಿಟ್ಟಳು. ಚಷ್ಮಾ ಇಲ್ಲದಿದ್ದರೆ ಅವಳಿಗೆ ಎದುರಿಗೆ ಆನೆ ನಿಂತರೂ ಕಾಣದು. ಕೌದಿಯ ಮೇಲೆ ಕೈಯಾಡಿಸಿದಳು. ಬೆಚ್ಚಗೆ, ಮೆತ್ತಗೆ ಏನೋ ಉಸಿರಾಡುತ್ತಿತ್ತು. ಕೂಸನ್ನು ಆಗಲೇ ಮಲಗಿಸಿದ್ದಾರೆಂದುಕೊಂಡು ಬಗ್ಗಿ, "ಕುರ್ರ್... ಫಕೀರವ್ವಾ" ಎಂದು ಮೂರು ಸಲ ಉಸುರಿದಳು. ಧಡಧಡ ಗುದ್ದುಗಳು ಬಿದ್ದವು.

ಅಷ್ಟರಲ್ಲಿ ಮಧುರಾ ಹಾಲೂಡಿಸಿದ ಕೂಸನ್ನು ಎತ್ತಿಕೊಂಡು ಒಳಕೋಣೆಯಿಂದ ಬಂದಳು. "ಕೂಸು ನನ್ನ ಕಡೆ ಐತಿ. ನೀವು ಯಾರಿಗೆ ಇಟ್ರಿ ಹೆಸರು?"

ಕೌದಿ ಎತ್ತಿದರು. ಬೆಕ್ಕು ಒಂದು ಕಣ್ಣು ತೆರೆದು, ಆಕಳಿಸಿ, ಮತ್ತೆ ಮುಚ್ಚಿಕೊಂಡಿತು.

ಪಡಸಾಲೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಪಕ್ಕದ ಮನೆಯ ಹಿರಿಯಾಕೆ ಬಾಳವ್ವ ತೀರ್ಪು ಕೊಟ್ಟಳು: "ತೊಟ್ಟಲದಾಗ ಇಟ್ಟಿದ್ದು ಇಟ್ಟಂಗ. ಬೆಕ್ಕಿಗೆ ಇಟ್ಟ ಹೆಸರು ಕೂಸಿಗೆ ಇಡಾಕ ಬರಂಗಿಲ್ಲ, ಯವ್ವಾ." ಕೂಸು ಇಂಚರಾ ಆಯಿತು. ಈರವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ನನಗೆ ಬಹಳ ಕೆಡುಕೆನಿಸಿತು.

ಮರುದಿನ ಮಧ್ಯಾಹ್ನ ಕೂಸು ತಾಯಿಯ ಬಳಿ ಇದ್ದಾಗ ಬೆಕ್ಕು ಮತ್ತೆ ನನ್ನೊಳಗೆ ಮಲಗಿತ್ತು. ಈರವ್ವ ಕೈಯೆತ್ತಿ ಬಂದಳು. "ಹಾಳಾದ್ದ, ನಮ್ಮವ್ವನ ಹೆಸರು ನುಂಗಿ ಹೆಂಗ ಬಿದ್ದೈತಿ ನೋಡು!"

ಎತ್ತಿದ ಕೈ ಅಲ್ಲೇ ನಿಂತಿತು. ಬೆಕ್ಕಿನ ಒಂದು ಹಿಂಗಾಲು ನನ್ನ ಅಂಚಿನಿಂದ ಹೊರಗೆ ಇಳಿಬಿದ್ದಿತ್ತು. ಗಾಢ ನಿದ್ದೆಯಲ್ಲಿ ಅದರ ಬೆರಳುಗಳು ಮಿಡುಕುತ್ತಿದ್ದವು, ಮಿಡುಕಿದಂತೆಲ್ಲ ನಾನು ಇಷ್ಟಿಷ್ಟೇ ತೂಗುತ್ತಿದ್ದೆ. ತಮ್ಮ-ತಂಗಿಯರನ್ನು ಅವ್ವ ನಿದ್ದೆಯಲ್ಲೇ ಹೆಬ್ಬೆರಳಿನಿಂದ ತೂಗುವುದನ್ನು ಈರವ್ವ ಎಷ್ಟು ಮಧ್ಯಾಹ್ನ ನೋಡಿದ್ದಳೋ! ಹಾಗೇ ಗೋಡೆಗೆ ಒರಗಿ ಕುಳಿತು, ಅಳುತ್ತ ಅಳುತ್ತಲೇ ನಗತೊಡಗಿದಳು.

ಇಂಚರಾ ಈಗ ಶಾಲೆಗೆ ಹೋಗುತ್ತಾಳೆ. ನನ್ನ ಕೊಂಡಿಗಳು ಸವೆದಿವೆ, ಕಿಟಕಿಯ ಪಕ್ಕ ನೆಲದ ಮೇಲೆ ಕುಳಿತಿದ್ದೇನೆ. ಎರವಲು ಕೇಳುವವರಿಲ್ಲ, ಅದರ ಬೇಸರವೂ ಇಲ್ಲ. ಬೆಕ್ಕಿಗೂ ವಯಸ್ಸಾಗಿದೆ, ನಿದ್ದೆ ಇನ್ನೂ ಹೆಚ್ಚಾಗಿದೆ. ದಿನವೂ ಬೆಳಿಗ್ಗೆ ಹಾಲಿನ ಬಟ್ಟಲು ಹಿಡಿದು ಈರವ್ವ ಓಣಿಗೆಲ್ಲ ಕೇಳುವಂತೆ ಅವ್ವನ ಹೆಸರು ಕೂಗುತ್ತಾಳೆ. ಮಧ್ಯಾಹ್ನ ಯಾರಾದರೂ ಗಟ್ಟಿಯಾಗಿ ಮಾತಾಡುತ್ತ ಒಳಗೆ ಬಂದರೆ ಬಾಯಿಯ ಮೇಲೆ ಬೆರಳಿಡುತ್ತಾಳೆ.

"ಸಾವಕಾಶ ಮಾತಾಡ್ರೆವಾ. ಫಕೀರವ್ವ ಮಲಗ್ಯಾಳ."