ಕೂತ ಗೆರೆ

ಐದು ನಿಮಿಷದ ಪಾಳಿಯಲ್ಲಿ ಮೂರನೆಯ ನಿಮಿಷ ನಡೆಯುತ್ತಿತ್ತು. ಅವಳ ಪೆನ್ಸಿಲು ಪುಟದ ತಳ ಮುಟ್ಟುವ ಹೊತ್ತಿಗೆ ಎಡಗೈ ಹೆಬ್ಬೆರಳು ಮುಂದಿನ ಹಾಳೆಯ ಮೂಲೆಯನ್ನು ಆಗಲೇ ಎತ್ತಿ ಹಿಡಿದಿತ್ತು. ಆರೋಗ್ಯ ಮಂತ್ರಿಗಳು ಔಷಧಗಳ ಹೊಸ ಪಟ್ಟಿಯನ್ನು ಸಮರ್ಥಿಸುತ್ತಿದ್ದರು. ನಿಮಿಷಕ್ಕೆ ನೂರ ಹತ್ತು ಪದ ಅವರ ಮಾಮೂಲಿ ನಡಿಗೆ. ಸಿಟ್ಟು ಬಂದರೆ ನೂರ ನಲವತ್ತು. ಇಪ್ಪತ್ತಾರು ವರ್ಷಗಳಿಂದ ಸದನದ ನಡುವಿನ ಆ ಮೇಜಿನ ಮುಂದೆ ಕೂತು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತ ಬಂದವಳಿಗೆ, ಯಾರ ನಾಲಿಗೆ ಎಲ್ಲಿ ಓಡುತ್ತದೆ, ಎಲ್ಲಿ ಎಡವುತ್ತದೆ ಎನ್ನುವುದು ಸ್ವಂತ ಮನೆಯ ಮೆಟ್ಟಿಲಿನಷ್ಟೇ ಪರಿಚಿತ.

ವರದಿಗಾರರ ಮೇಜು ಇರುವುದು ಸದನದ ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ. ಅಲ್ಲಿಂದ ಸದಸ್ಯರ ಮುಖ ಕಾಣಬೇಕಾದರೆ ಕತ್ತೆತ್ತಬೇಕು, ಕತ್ತೆತ್ತಿದರೆ ಕೈ ಹಿಂದೆ ಬೀಳುತ್ತದೆ. ಹಾಗಾಗಿ ಅವಳು ಮೊದಲ ವರ್ಷವೇ ಮುಖ ಬಿಟ್ಟು ಮೊಣಕಾಲು ನೋಡುವುದನ್ನು ಕಲಿತಿದ್ದಳು. ಸದನದ ನಿಯಮ ಸರಳ: ನಿಂತು ಆಡಿದ್ದು ಕಡತಕ್ಕೆ, ಕೂತು ಆಡಿದ್ದು ಗಾಳಿಗೆ. ಮಾತಾಡುವವರ ಮೊಣಕಾಲು ಮಡಚಿ ಮೈಭಾರ ಕುರ್ಚಿಗೆ ಬಿದ್ದ ಕ್ಷಣ ಅವಳ ಪೆನ್ಸಿಲು ತಾನಾಗಿಯೇ ಒಂದು ಸಣ್ಣ ಓರೆಗೆರೆ ಎಳೆಯುತ್ತಿತ್ತು. ಅದಕ್ಕೆ ವಿಭಾಗದಲ್ಲಿ ‘ಕೂತ ಗೆರೆ’ ಎಂದು ಹೆಸರು. ಗೆರೆಯ ಆಚೆಗಿನ ಮಾತು ಎಷ್ಟೇ ದೊಡ್ಡದಿರಲಿ, ಅದನ್ನು ಟೈಪು ಮಾಡುವಂತಿಲ್ಲ. ಬೇರೆಯವರ ಗೆರೆ ಒಮ್ಮೊಮ್ಮೆ ಹಿಂದೆಮುಂದೆ ಆಗಿದ್ದುಂಟು, ಅವಳದ್ದು ಆಗಿರಲಿಲ್ಲ. ಮುಖ್ಯ ವರದಿಗಾರರು ಅವಳನ್ನು ಕಿವಿಯಮ್ಮ ಎಂದೇ ಕರೆಯುತ್ತಿದ್ದರು. ನ್ಯಾಯವಾಗಿ ಮೊಣಕಾಲಮ್ಮ ಅನ್ನಬೇಕಿತ್ತು ಎಂದು ಅವಳು ತಂಗಿಯ ಹತ್ತಿರ ಹೇಳಿ ಇಬ್ಬರೂ ನಕ್ಕಿದ್ದರು.

ಆ ತಂಗಿಯ ವಿಷಯವೇ ಇವತ್ತು ಸದನದಲ್ಲಿ ಇದ್ದದ್ದು. ಸದನಕ್ಕೆ ಅದು ಗೊತ್ತಿರಲಿಲ್ಲ, ಅಷ್ಟೆ.

ತಂಗಿ ಶಾಲೆಮಕ್ಕಳ ಸಮವಸ್ತ್ರ ಹೊಲಿಯುವವಳು. ಆರು ವರ್ಷದ ಹಿಂದೆ ಮೊದಲು ಅವಳ ಕೈಯಿಂದ ಕತ್ತರಿ ಜಾರಿತು. ಆಮೇಲೆ ಸೂಜಿ ಜಾರಿತು, ಕಡೆಗೆ ರೆಪ್ಪೆಯೂ ಜಾರಿ ಕಣ್ಣು ಅರ್ಧ ಮುಚ್ಚಿಕೊಂಡಿತು. ನರ ಹೇಳಿದ್ದನ್ನು ಸ್ನಾಯು ಕೇಳದ ಕಾಯಿಲೆ ಅದು. ಎರಡು ವರ್ಷ ಅಕ್ಕ ಬಾಚಣಿಗೆ ಹಿಡಿದು ಅವಳ ತಲೆ ಬಾಚಿದ್ದಳು, ಚಮಚ ಹಿಡಿದು ಉಣ್ಣಿಸಿದ್ದಳು. ಆಮೇಲೆ ಹದಿನೈದು ದಿನಕ್ಕೊಮ್ಮೆ ಕೊಡುವ ಒಂದು ಇಂಜೆಕ್ಷನ್ ಬಂತು. ಮೂರನೆಯದಕ್ಕೆ ತಂಗಿ ತಾನೇ ಗುಂಡಿ ಹಾಕಿಕೊಂಡಳು, ಎಂಟನೆಯದಕ್ಕೆ ಸೂಜಿಗೆ ದಾರ ಪೋಣಿಸಿದಳು. ಪೋಣಿಸಿದವಳು ಸೂಜಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, “ನೋಡೇ ಅಕ್ಕ, ಸೂಜಿಕಣ್ಣಲ್ಲಿ ಒಂಟೆ ದಾಟ್ತು,” ಅಂದಿದ್ದಳು.

ಆ ಇಂಜೆಕ್ಷನ್ನಿನ ವೆಚ್ಚವನ್ನು ಸರಕಾರ ಭರಿಸುತ್ತಿತ್ತು. ಹೊಸ ಪಟ್ಟಿಯಲ್ಲಿ ಅದು ‘ಮರುಪರಿಶೀಲನೆ’ ಎಂಬ ಕೊನೆಯ ಕಾಲಮ್ಮಿಗೆ ಸರಿದಿತ್ತು. ಪರಿಶೀಲನೆ ಮುಗಿಯುವವರೆಗೆ ಸರಬರಾಜು ಇಲ್ಲ. ಮುಗಿಯುವುದು ಯಾವಾಗ ಎಂಬುದು ಪಟ್ಟಿಯಲ್ಲಿ ಇರಲಿಲ್ಲ.

ಬೆಳಿಗ್ಗೆ ತಂಗಿ ಫೋನು ಮಾಡಿದ್ದಳು. ಹಿಂದೆ ಹೊಲಿಗೆ ಯಂತ್ರದ ಸದ್ದು.

“ಇವತ್ತು ನನ್ನ ಔಷಧದ ಮಾತು ಬರುತ್ತಂತೆ?”

“ಬರುತ್ತೆ.”

“ಬರೆಯೋಳು ನೀನೇನಾ?”

“ಪಾಳಿ ಹೇಗೆ ಬೀಳುತ್ತೋ.”

“ನಿನಗೇ ಬಿದ್ರೆ ಸ್ವಲ್ಪ ದಪ್ಪ ಅಕ್ಷರದಲ್ಲಿ ಬರಿಯೇ, ಮಾರಾಯ್ತಿ,” ಅಂದು ತಂಗಿ ನಕ್ಕಳು. ಯಂತ್ರದ ಸದ್ದು ಮಾತ್ರ ನಿಂತಿತ್ತು.

ಪಾಳಿ ಅವಳಿಗೇ ಬಿದ್ದಿತ್ತು.

ಮಂತ್ರಿಗಳ ಮಾತಿನಲ್ಲಿ ಹುರುಳಿರಲಿಲ್ಲ ಎಂದು ಅವಳು ಹೇಳಲಾರಳು. ಒಬ್ಬ ರೋಗಿಗೆ ವರ್ಷಕ್ಕೆ ಹಾಕುವ ಔಷಧದ ದುಡ್ಡಿನಲ್ಲಿ ಒಂದು ಇಡೀ ತಾಲೂಕಿನ ಮಕ್ಕಳಿಗೆ ಲಸಿಕೆ ಹಾಕಬಹುದು ಅಂದರು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಹೊದಿಕೆ ಕಾಲಿಗೆ ಎಳೆದರೆ ತಲೆ ಬತ್ತಲೆ ಅಂದರು. ಅವಳು ತಾಲೂಕನ್ನೂ ಬರೆದಳು, ಹಾಸಿಗೆಯನ್ನೂ ಬರೆದಳು. ಕೈ ತನ್ನ ಪಾಡಿಗೆ ಓಡುತ್ತಿತ್ತು. ಒಳಗೆ ಇನ್ನೊಬ್ಬಳು ಕೂತು, ಆ ಮಕ್ಕಳ ಸಮವಸ್ತ್ರ ಹೊಲಿಯುವವಳೂ ತಂಗಿಯೇ ಅಲ್ಲವೇ ಎಂದು ಕೇಳುತ್ತಿದ್ದಳು.

ಮಂತ್ರಿಗಳು ಮಾತು ಮುಗಿಸಿದರು. ಸಭಾಧ್ಯಕ್ಷರು ಮುಂದಿನವರ ಹೆಸರು ಕರೆಯಲು ಹಾಳೆ ತಿರುವಿದರು. ಮೈಕಿನ ಕೆಂಪು ದೀಪ ಆರಿತು. ಆಗ ಎದುರು ಸಾಲಿನಿಂದ, ಹಿಂದೊಮ್ಮೆ ಲೆಕ್ಕದ ಟೀಚರಾಗಿದ್ದು ಈಗಲೂ ಸದನದಲ್ಲೆಲ್ಲ ಟೀಚರ್ ಎಂದೇ ಕರೆಸಿಕೊಳ್ಳುವ ಸದಸ್ಯೆ ಎದ್ದು, ಮೈಕಿಲ್ಲದೆಯೇ ಕೇಳಿದರು: “ಈಗಾಗಲೇ ಔಷಧ ತಗೊಳ್ತಾ ಇರೋರ ಗತಿ ಏನು?”

ಮಂತ್ರಿಗಳು ಅತ್ತ ತಿರುಗಿದರು. “ಅವರಿಗೆ ನಿಲ್ಲಿಸಲ್ಲ,” ಅಂದರು. “ಈಗ ತಗೊಳ್ತಾ ಇರೋರಿಗೆ ಒಂದು ದಿನವೂ ನಿಲ್ಲಿಸಲ್ಲ.”

ಪೆನ್ಸಿಲು ಎರಡೂ ವಾಕ್ಯಗಳನ್ನು ಹಿಡಿಯಿತು. ಅಷ್ಟರಲ್ಲಿ ಮುಂದಿನ ಪಾಳಿಯವರು ಬಂದು ಮೇಜನ್ನು ಎರಡು ಬೆರಳಿನಿಂದ ತಟ್ಟಿದರು. ಅವಳು ಪುಸ್ತಕ ಎತ್ತಿಕೊಂಡು, ಬಾಗಿ ವಂದಿಸಿ, ಹೊರಗೆ ನಡೆದಳು. ಟೈಪು ಕೋಣೆಗೆ ಮೆಟ್ಟಿಲು ಇಳಿಯುವಾಗ ಕಾಲು ಹಗುರವಾಗಿತ್ತು. ಮಂತ್ರಿಯಾದವರು ನಿಂತು ಕೊಟ್ಟ ಮಾತು ಕಡತಕ್ಕೆ ಹೋದರೆ ಅದು ಬರಿಯ ಮಾತಲ್ಲ, ಭರವಸೆ. ಭರವಸೆಗಳಿಗೆಂದೇ ಒಂದು ಸಮಿತಿ ಇದೆ. ಮೂರು ತಿಂಗಳೊಳಗೆ ನಡೆಸಿಕೊಟ್ಟಿರೋ ಇಲ್ಲವೋ ಎಂದು ಅದು ಇಲಾಖೆಯ ಕತ್ತು ಹಿಡಿದು ಕೇಳುತ್ತದೆ. ಕಡತಕ್ಕೆ ಹೋಗದಿದ್ದರೆ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಟೈಪು ಕೋಣೆಯಲ್ಲಿ ದೀಪ ಸರಿಮಾಡಿಕೊಂಡು ಪುಸ್ತಕ ಬಿಚ್ಚಿದಾಗ ಅವಳಿಗೆ ಕಂಡದ್ದು, ಆ ವಾಕ್ಯಗಳ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ, ಆಸುಪಾಸಿನಲ್ಲಿ ಎಲ್ಲೂ ಕೂತ ಗೆರೆ ಇಲ್ಲ.

ಪುಟ ತಿರುವಿದಳು. ಹಿಂದಿನ ಸದಸ್ಯರು ಕೂತಲ್ಲಿ ಗೆರೆ ಇತ್ತು, ಅದರ ಹಿಂದಿನವರದ್ದೂ ಇತ್ತು. ಮಂತ್ರಿಗಳದ್ದು ಮಾತ್ರ ಇರಲಿಲ್ಲ. ಅವರು ಕೊನೆಗೂ ಕೂತೇ ಕೂತಿರಬೇಕು, ಬೆಳಗಿನ ತನಕ ಯಾರೂ ನಿಂತಿರುವುದಿಲ್ಲ. ಕಣ್ಣು ಮುಚ್ಚಿ ಆ ಗಳಿಗೆಯನ್ನು ಮತ್ತೆ ಕರೆದಳು. ಕಂದು ಬಣ್ಣದ ಪ್ಯಾಂಟಿನ ಮೊಣಕಾಲು ಕಾಣಲಿಲ್ಲ. ಕಂಡದ್ದು ಮಂತ್ರಿಗಳ ಮುಖ: ಕೆಳತುಟಿಯ ಒಣ ಸಿಪ್ಪೆ, ಕನ್ನಡಕದ ಗಾಜಿನಲ್ಲಿ ಚಾವಣಿಯ ದೀಪ, ‘ಒಂದು ದಿನವೂ’ ಅನ್ನುವಾಗ ಒಮ್ಮೆ ಕೆಳಗಿಳಿದ ರೆಪ್ಪೆ.

ಅವಳು ಕತ್ತೆತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಟೀಚರ್ ಆ ಪ್ರಶ್ನೆ ಕೇಳಿದ ಕೂಡಲೇ, ವರದಿಗಾರ್ತಿ ಎನ್ನುವುದನ್ನು ಮರೆತು ರೋಗಿಯ ಅಕ್ಕನಾಗಿ ಮಂತ್ರಿಯ ಮುಖ ನೋಡಿದ್ದಳು. ಅವರು ನಿಂತು ಹೇಳಿದರೋ ಕೂತು ಹೇಳಿದರೋ ಅವಳಿಗೆ ಗೊತ್ತಿಲ್ಲ. ಕೂರುವಾಗಲೂ ಮುಖ ಮುಖವೇ ತಾನೆ.

ಪೆನ್ಸಿಲು ಕೈಯಲ್ಲೇ ಇತ್ತು. ವಾಕ್ಯದ ಕೊನೆಯಲ್ಲಿ ಒಂದು ಓರೆಗೆರೆ, ಕಾಲು ಅಂಗುಲವೂ ಬೇಡ, ಅಷ್ಟು ಎಳೆದರೆ ಮುಗಿಯಿತು: ಮಾತು ಮುಗಿಸಿಯೇ ಕೂತರು ಎಂದಾಗುತ್ತಿತ್ತು. ಮೊನೆ ಕಾಗದಕ್ಕೆ ತಾಗುವಷ್ಟು ಹತ್ತಿರ ಹೋಯಿತು. ಅವಳು ಪೆನ್ಸಿಲನ್ನು ಮೇಜಿನ ಮೇಲೆ ಮಲಗಿಸಿದಳು.

ನೆನಪಾದದ್ದು ಒಂದು ಕಾಲುಸೇತುವೆ. ಏಳು ವರ್ಷದ ಹಿಂದೆ ಬೇರೊಬ್ಬ ಮಂತ್ರಿ, ಟೀಚರ್ ಕ್ಷೇತ್ರದ ಮಕ್ಕಳು ಹೊಳೆ ದಾಟಿ ಶಾಲೆಗೆ ಹೋಗಲು ಸೇತುವೆ ಕಟ್ಟಿಸುತ್ತೇನೆ ಅಂದಿದ್ದರು. ಅಂದದ್ದು ಕೂತ ಮೇಲೆ. ಟೀಚರ್ ಈ ಕೋಣೆಗೇ ಬಂದು, “ಎಲ್ಲರೂ ಕೇಳಿಸಿಕೊಂಡಿದ್ದೇವೆ, ಒಂದು ಗೆರೆಯದ್ದೇನು ಮಹಾ?” ಎಂದು ಬೇಡಿದ್ದರು. ಇವಳು ಪುಸ್ತಕ ತೋರಿಸಿ, “ಗೆರೆ ಬಿದ್ದಿದೆ ಮೇಡಂ,” ಅಂದಿದ್ದಳು. ಅವತ್ತು ತನ್ನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಸೇತುವೆ ಈಗಲೂ ಇಲ್ಲ.

ಹಿರಿಯರು ಕಲಿಸಿದ ನಿಯಮವೂ ಒಂದಿತ್ತು: ಅನುಮಾನವಿದ್ದರೆ ಬಿಡು. ಇಬ್ಬರು ಕಲಿಯುವವರಿಗೆ ಅವಳೇ ಅದನ್ನು ಬಾಯಿಪಾಠ ಮಾಡಿಸಿದ್ದಳು. ನಿಯಮ ಹಿಡಿದರೆ ತಂಗಿಯ ಕೈಯಿಂದ ಕತ್ತರಿ ಮತ್ತೆ ಜಾರುತ್ತದೆ. ನಿಯಮ ಬಿಟ್ಟರೆ ತನ್ನ ಕೈಯಿಂದ ಇನ್ನೇನೋ ಜಾರುತ್ತದೆ. ಅತ್ತ ದರಿ, ಇತ್ತ ಪುಲಿ.

ಅವಳು ಎರಡೂ ವಾಕ್ಯಗಳನ್ನು ಟೈಪು ಮಾಡಿದಳು. ದಪ್ಪ ಅಕ್ಷರದಲ್ಲಲ್ಲ.

ಟೈಪಾದ ಹಾಳೆಗಳ ಪ್ರತಿ, ವಾಡಿಕೆಯಂತೆ, ಮಂತ್ರಿಗಳ ಕೊಠಡಿಗೆ ಹೋಗಿ ಒಂದು ಗಂಟೆಯೂ ಆಗಿರಲಿಲ್ಲ, ಅವರ ಆಪ್ತ ಕಾರ್ಯದರ್ಶಿ ಹಾಳೆ ಹಿಡಿದು ಬಂದರು. ನಲವತ್ತೈದರ ಆಸುಪಾಸಿನ ಮನುಷ್ಯ. ದನಿ ಎತ್ತುವವರಲ್ಲ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎನ್ನುವ ಜಾತಿ. ಆ ಎರಡು ವಾಕ್ಯದ ಕೆಳಗೆ ನೀಲಿ ಶಾಯಿಯ ಗೀಟು ಎಳೆದಿದ್ದರು. ಸಾಹೇಬರು ಕೂತ ಮೇಲೆ ಸೌಜನ್ಯಕ್ಕೆ ಆಡಿದ ಮಾತು ಅದು, ಕಡತಕ್ಕೆ ಸೇರಬಾರದಿತ್ತು, ಎಲ್ಲೋ ಕಣ್ತಪ್ಪಾಗಿದೆ ಎಂದು ವಿವರಿಸಿದರು. ಮೈಕಿನ ಧ್ವನಿಮುದ್ರಣದಲ್ಲೂ ಅದಿಲ್ಲ ಅಂದರು.

ಮುಖ್ಯ ವರದಿಗಾರರು ಕನ್ನಡಕವನ್ನು ಹಣೆಗೆ ಏರಿಸಿಕೊಂಡರು. “ಮೈಕು ಆರಿದ ಮೇಲೆ ನಿಂತು ಆಡಿದ್ದೂ ಮಾತೇ ಸ್ವಾಮಿ. ಸಾಹೇಬರೇ ಖುದ್ದು ಹೇಳಿದರಾ, ಕೂತಿದ್ದೆ ಅಂತ?”

ಸಾಹೇಬರಿಗೆ ಸ್ಪಷ್ಟ ನೆನಪಿಲ್ಲ, ಆದರೆ ಕೂತಂತೆಯೇ ನೆನಪು ಎಂದು ಕಾರ್ಯದರ್ಶಿ ಒಪ್ಪಿಕೊಂಡರು.

“ಹಾಗಾದ್ರೆ ಜಗಳ ಯಾಕೆ? ಕಿವಿಯಮ್ಮ, ಪುಸ್ತಕ ಕೊಡಿ.”

ಅವಳು ಕೊಟ್ಟಳು. ಕೊಡುವಾಗ ಹೇಳಿಬಿಡಬೇಕು ಅನ್ನಿಸಿತು. ‘ನಾನು ನೋಡಲಿಲ್ಲ’: ಎರಡೇ ಪದ. ಸದನದಲ್ಲಿ ನಿಮಿಷಕ್ಕೆ ನೂರ ನಲವತ್ತು ಹಿಡಿಯುವ ಕೈಯಿದ್ದವಳ ಬಾಯಿಗೆ ಎರಡು ಪದ ಬರಲಿಲ್ಲ. ನೀನು ಊರವರ ಮಾತೆಲ್ಲ ಬರೀತೀಯ, ನಿನ್ನದು ಅಂತ ಒಂದು ಮಾತಾಡೋಕೆ ಬಾಯೇ ಇಲ್ಲ ಎಂದು ತಂಗಿ ಹಂಗಿಸುತ್ತಿದ್ದದ್ದು ಉಂಟು.

ಮುಖ್ಯ ವರದಿಗಾರರ ಬೆರಳು ಸಾಲುಗಳ ಕೆಳಗೆ ನಿಧಾನವಾಗಿ ಸರಿಯಿತು. ವಾಕ್ಯ ಬಂತು. ಬೆರಳು ಅದರ ಹಿಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಬಂದು ನಿಂತಿತು.

“ಗೆರೆ ಇಲ್ಲ,” ಅಂದರು. “ಮಾತಿಗೆ ಮುಂಚೆ ಗೆರೆ ಇಲ್ಲ ಅಂದ್ರೆ ನಿಂತಿದ್ರು ಅಂತ. ಇವರ ಗೆರೆ ಇಪ್ಪತ್ತಾರು ವರ್ಷದಲ್ಲಿ ತಪ್ಪಿಲ್ಲ. ಸಾಹೇಬರಿಗೆ ನನ್ನ ನಮಸ್ಕಾರ ತಿಳಿಸಿ.”

ಕಾರ್ಯದರ್ಶಿ ಅವಳ ಕಡೆ ತಿರುಗಿದರು. ಅವರ ನೋಟದಲ್ಲಿ ಕೋಪವಿರಲಿಲ್ಲ. ಕೇಳಿದ್ದು ಒಂದೇ: “ನಿಂತಿದ್ರಾ, ಅಮ್ಮ?”

ಅವಳು ಅವರ ಮುಖ ನೋಡಲಿಲ್ಲ. ಅಭ್ಯಾಸಬಲದಿಂದ ಕಣ್ಣು ಅವರ ಮೊಣಕಾಲಿಗೆ ಹೋಗಿತ್ತು. “ಪುಸ್ತಕದಲ್ಲಿ ಇರೋದೇ ನನ್ನ ಮಾತು,” ಅಂದಳು.

ಅವರು ನೀಲಿ ಗೀಟಿನ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು ಹೋದರು. ಮುಖ್ಯ ವರದಿಗಾರರು ಪುಸ್ತಕ ಹಿಂದಿರುಗಿಸುತ್ತ, ನಿಮ್ಮ ಗೆರೆ ಇರುವ ತನಕ ನಮಗೆ ಭಯವಿಲ್ಲ ಅಂದರು. ಅವಳು ಎಂದಿನ ಹಾಗೆಯೇ ನಕ್ಕಳು.

ಸಂಜೆಯ ಬಿಸಿಲು ಕಿಟಕಿಯ ಸರಳುಗಳ ನೆರಳನ್ನು ಟೈಪು ಯಂತ್ರಗಳ ಮೇಲೆ ಉದ್ದಕ್ಕೆ ಎಳೆಯುತ್ತಿದ್ದಾಗ ತಂಗಿಯ ಫೋನು ಬಂತು. ಏನಾಯಿತು ಎಂದು ಅವಳು ಕೇಳಲಿಲ್ಲ. ಒಂದು ಕಾಲರು ಉಲ್ಟಾ ಹೊಲಿದು ಬಿಚ್ಚುತ್ತಿದ್ದೇನೆ, ಇವತ್ತು ಮನಸ್ಸು ನಿಲ್ಲಲಿಲ್ಲ ಅಂದಳು.

“ಈಗ ತಗೊಳ್ತಾ ಇರೋರಿಗೆ ನಿಲ್ಲಿಸಲ್ಲ ಅಂದ್ರು,” ಅಕ್ಕ ಹೇಳಿದಳು. “ನಾಳೆ ಅಚ್ಚಾಗುತ್ತೆ.”

ಆಚೆಯಿಂದ ಮೂಗು ಎಳೆದುಕೊಂಡ ಸದ್ದು. “ನೀನು ಕಿವಿಯಾರೆ ಕೇಳಿದೆಯಾ?”

“ಕೇಳಿದೆ.”

ಅದು ಸುಳ್ಳಲ್ಲ. ಆ ದಿನದಲ್ಲಿ ಸುಳ್ಳಲ್ಲದ ಜಾಗ ಅಷ್ಟು ಮಾತ್ರ ಉಳಿದಿತ್ತು. ಅವಳು ಅದರ ಮೇಲೆ ಕಾಲೂರಿ ನಿಂತಂತೆ ನಿಂತಳು. ತಂಗಿ ಫೋನಿಟ್ಟಳು.

ಬಾಗಿಲ ಪಕ್ಕದ ಫಲಕದಲ್ಲಿ ಎರಡು ತಿಂಗಳಿಂದ ಒಂದು ಸೂಚನೆ ಅಂಟಿತ್ತು. ನೆಲಮಾಳಿಗೆಯ ಸೂಚಿ ವಿಭಾಗಕ್ಕೆ ಒಬ್ಬರು ಬೇಕು. ಹಳೆಯ ಕಲಾಪಗಳನ್ನು ಓದಿ, ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಚೀಟಿ ಬರೆಯುವ ಕೆಲಸ. ಯಾರೂ ಅರ್ಜಿ ಹಾಕಿರಲಿಲ್ಲ. ಅಲ್ಲಿ ಧೂಳು, ಭತ್ಯೆ ಕಡಿಮೆ, ಕಿಟಕಿಯಿಲ್ಲ. ನಿಲ್ಲುವವರೂ ಇಲ್ಲ, ಕೂರುವವರೂ ಇಲ್ಲ. ಇನ್ನು ಯಾರದೋ ಸೇತುವೆ, ಯಾರದೋ ಔಷಧ ಅವಳ ಒಂದು ಗೆರೆಯ ಮೇಲೆ ತೂಗುವಂತಿಲ್ಲ. ತೂಗಬಾರದು. ಇಂದು ಮಾಡಿದ್ದನ್ನು ಅವಳು ತಿದ್ದುವುದಿಲ್ಲ. ಇನ್ನೊಮ್ಮೆ ಮಾಡಬಲ್ಲ ಜಾಗದಲ್ಲಿ ಕೂರುವುದೂ ಇಲ್ಲ.

ಅವಳು ಸೂಚನೆಯನ್ನು ಮತ್ತೊಮ್ಮೆ ಓದಲಿಲ್ಲ. ಮುಖ್ಯ ವರದಿಗಾರರು ಛತ್ರಿ ಹಿಡಿದು ಹೊರಡುತ್ತ, ಇನ್ನೂ ಹೊರಡಲಿಲ್ಲವೇ ಎಂದು ಕೇಳಿದರು. ಪೆನ್ಸಿಲು ಜೀವಿಕೊಂಡು ಬರುತ್ತೇನೆ ಅಂದಳು. ಅಧಿವೇಶನಕ್ಕೆ ಉಳಿದದ್ದು ನಾಲ್ಕು ದಿನ. ಡಬ್ಬಿಯಿಂದ ಎಣಿಸಿ ನಾಲ್ಕೇ ಪೆನ್ಸಿಲು ತೆಗೆದು, ಒಂದೊಂದಾಗಿ ಮೊನೆ ಮಾಡಿ ಸಾಲಾಗಿ ಇಟ್ಟಳು. ಉಳಿದವಿದ್ದ ಡಬ್ಬಿಯನ್ನು ಮುಚ್ಚಿ ಪಕ್ಕದವಳ ಮೇಜಿನ ಮೇಲೆ ಸರಿಸಿ, ದೀಪ ಆರಿಸಿದಳು.